ಲಿನಕ್ಸ್ ನೌಕರಿ: ಪ್ರಮಾಣಪತ್ರಕ್ಕಿಂತ ಕೈಪಳಗಿಕೆಗೇ ಬೆಲೆ

ಪುಣೆ: ಹೊಟೇಲ್ ಉದ್ಯಮದ ಮೂಲಕ ಪುಣೆಯಲ್ಲಿ ನೆಲೆ ಕಂಡುಕೊಂಡ ತುಳು-ಕನ್ನಡಿಗರ ಮಕ್ಕಳಲ್ಲಿ ಅನೇಕರು ಇಂದು ಹಿಂಜೆವಾಡಿ, ಮಗರಪಟ್ಟಾ, ಖರಾಡಿಯ ಕಂಪ್ಯೂಟರ್ ಕಂಪೆನಿಗಳತ್ತ ಮುಖ ಮಾಡಿದ್ದಾರೆ. ಎಂಜಿನಿಯರಿಂಗ್ ಸೀಟು ಸಿಗದೆ ಬಿ.ಎಸ್ಸಿ., ಬಿ.ಸಿ.ಎ., ಡಿಪ್ಲೊಮಾ ಮುಗಿಸಿದವರಿಗೂ ಅಲ್ಲಿ ತೆರೆದಿರುವ ಒಂದು ಬಾಗಿಲು ಲಿನಕ್ಸ್ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಹುದ್ದೆ. ಆದರೆ ಭಾರೀ ಶುಲ್ಕ ಪಡೆದು 'ನೌಕರಿ ಗ್ಯಾರಂಟಿ' ಎನ್ನುವ ತರಬೇತಿ ಕೇಂದ್ರಗಳಿಗೂ ಕೊರತೆಯಿಲ್ಲ. ಹಣ ಕಟ್ಟುವ ಮೊದಲು ಈ ಕೆಲಸ ಏನನ್ನು ಬೇಡುತ್ತದೆ ಎಂಬುದನ್ನು ಹೆತ್ತವರು ತಿಳಿದುಕೊಳ್ಳುವುದು ಒಳಿತು.

ಪುಣೆಯ ನಂಟು

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಯಾರು ಬೇಕಾದರೂ ಪಡೆದು ತಿದ್ದಬಹುದಾದ ಮುಕ್ತ ತಂತ್ರಾಂಶ. 2017ರ ನವೆಂಬರ್ ಪಟ್ಟಿಯಿಂದೀಚೆಗೆ ವಿಶ್ವದ ಅಗ್ರ 500 ಸೂಪರ್‌ಕಂಪ್ಯೂಟರ್‌ಗಳೆಲ್ಲ ನಡೆಯುತ್ತಿರುವುದು ಇದರಲ್ಲೇ. ಪುಣೆಗೆ ಈ ಕ್ಷೇತ್ರ ಹೊಸದಲ್ಲ. 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್‌ನ ಕೇಂದ್ರ ಕಚೇರಿ ಇಲ್ಲಿದೆ. 2019ರಲ್ಲಿ ಐಬಿಎಂ 34 ಬಿಲಿಯ ಡಾಲರಿಗೆ ಕೊಂಡ ರೆಡ್ ಹ್ಯಾಟ್ ಕಂಪೆನಿಯ ದೊಡ್ಡ ಕೇಂದ್ರವೂ ಇಲ್ಲಿದೆ. ಪುಣೆಯದೇ ಮಾಡ್ಯುಲರ್ ಇನ್ಫೋಟೆಕ್ ಮೂಲತಃ ರೂಪಿಸಿ, ರೆಡ್ ಹ್ಯಾಟ್ ಮುಕ್ತವಾಗಿ ಹಂಚಿದ 'ಲೋಹಿತ್' ಅಕ್ಷರ ಮಾಲೆಯಲ್ಲಿ ಕನ್ನಡವೂ ಇದೆ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಸಂದರ್ಶನದಲ್ಲಿ ಏನು ಕೇಳುತ್ತಾರೆ?

ಕಮಾಂಡ್‌ಗಳ ಬಾಯಿಪಾಠ ಇಲ್ಲಿ ಸಾಲದು. 'ಡಿಸ್ಕ್ ತುಂಬಿದೆ, ದೊಡ್ಡ ಫೈಲನ್ನು ಅಳಿಸಿದರೂ ಜಾಗ ಖಾಲಿಯಾಗಿಲ್ಲ, ಏಕೆ?' ಎಂಬಂಥ ಪ್ರಶ್ನೆಗೆ ಉತ್ತರ ಬೇಕು. ಯಾವುದೋ ಪ್ರೋಗ್ರಾಂ ಆ ಫೈಲನ್ನು ಇನ್ನೂ ಹಿಡಿದುಕೊಂಡಿರಬಹುದು, ಅದನ್ನು ಬಿಟ್ಟ ಮೇಲೆಯೇ ಜಾಗ ಸಿಗುತ್ತದೆ ಎಂಬುದು ಸ್ವತಃ ಎಡವಿದವನಿಗೆ ಮಾತ್ರ ಥಟ್ಟನೆ ಹೊಳೆಯುತ್ತದೆ. ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲೂ ಸರಿ ಉತ್ತರಕ್ಕೆ ಗುರುತು ಹಾಕುವ ಪದ್ಧತಿಯಿಲ್ಲ. ಯಂತ್ರದ ಮುಂದೆ ಕುಳಿತು ಕೆಲಸ ಮಾಡಿಯೇ ತೋರಿಸಬೇಕು.

ನೆಟ್‌ವರ್ಕ್ ಮತ್ತು ಡಿಎನ್‌ಎಸ್ ಜ್ಞಾನ, ಲಾಗ್ ಓದುವ ತಾಳ್ಮೆ, ಶೆಲ್ ಅಥವಾ ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆಯುವ ಅಭ್ಯಾಸ ಇವು ಅಡಿಪಾಯ. ಆನ್ಸಿಬಲ್‌ನಂತಹ ಸಾಧನದಿಂದ ಒಬ್ಬನೇ ನೂರಾರು ಸರ್ವರ್‌ಗಳನ್ನು ನಿಭಾಯಿಸಬಹುದಾದ್ದರಿಂದ, ಕೈಯಲ್ಲೇ ಒಂದೊಂದು ಯಂತ್ರ ಸರಿಪಡಿಸುವುದಷ್ಟೇ ಬಲ್ಲವನಿಗೆ ಅವಕಾಶ ಕಿರಿದಾಗುತ್ತಿದೆ. ಗಿಟ್, ಕಂಟೈನರ್, ಕುಬರ್ನೆಟಿಸ್‌ಗಳ ಪರಿಚಯವೂ ಬೇಕು. ಒಂದೇ ಹೆಸರಿಗೆ ಜೋತುಬೀಳುವುದೂ ಸಲ್ಲದು: ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಕೊನೆಗೊಂಡಾಗ ಅದನ್ನು ನೆಚ್ಚಿದ್ದವರು ಬೇರೆ ದಾರಿ ಹಿಡಿಯಬೇಕಾಯಿತು.

ಎಲ್ಲಕ್ಕಿಂತ ಮಿಗಿಲಾದುದು ಜವಾಬ್ದಾರಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪೆನಿಯ ಸಿಬ್ಬಂದಿಯೊಬ್ಬರು ತಪ್ಪಾದ ಸರ್ವರ್‌ನಲ್ಲಿ ದತ್ತಾಂಶ ಅಳಿಸಿದರು. ನಂಬಿಕೊಂಡಿದ್ದ ಬ್ಯಾಕಪ್‌ಗಳು ಕೈಕೊಟ್ಟು, ಸುಮಾರು ಆರು ಗಂಟೆಗಳ ದತ್ತಾಂಶ ಮರಳಿ ಬರಲಿಲ್ಲ. ಕಂಪೆನಿ ತಪ್ಪನ್ನು ಮುಚ್ಚಿಡದೆ ಬಹಿರಂಗವಾಗಿ ವಿವರಿಸಿತು. ಬ್ಯಾಕಪ್ ಇದೆಯೆಂದರೆ ಸಾಲದು, ಅದರಿಂದ ಮರಳಿ ಪಡೆದು ನೋಡಿರಬೇಕು ಎಂಬುದು ಇದರ ಪಾಠ. ರಾತ್ರಿ ಪಾಳಿಗೂ, ನಡುರಾತ್ರಿಯ ಕರೆಗೂ ಸಿದ್ಧರಿರಬೇಕು.

ಸಂಘಗಳು ಮಾಡಬಹುದಾದುದು

ಇವನ್ನೆಲ್ಲ ಕಲಿಯಲು ಲಕ್ಷಗಟ್ಟಲೆ ಹಣ ಬೇಕಿಲ್ಲ. ಹಳೆಯ ಕಂಪ್ಯೂಟರ್, ಉಚಿತವಾಗಿ ಸಿಗುವ ಡೆಬಿಯನ್ ಅಥವಾ ಆಲ್ಮಾ ಲಿನಕ್ಸ್, ಕೆಲವು ತಿಂಗಳ ಶ್ರದ್ಧೆ ಇದ್ದರೆ ಆರಂಭಕ್ಕೆ ಸಾಕು. ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ಅನುವಾದಿಸುವ ಕೆಲಸದಲ್ಲಿ ಕೈಜೋಡಿಸಿದರೆ ಅದೂ ಅನುಭವವೇ.

ಪುಣೆ ಕನ್ನಡ ಸಂಘ ಶಾಲೆ-ಕಾಲೇಜುಗಳನ್ನು ನಡೆಸುತ್ತಿದೆ. ನಗರದ ಇತರ ಸಂಘಗಳೂ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ವಿತರಿಸುವುದುಂಟು. ಅದರ ಜೊತೆಗೆ ಕಚೇರಿಗಳು ಬದಲಿಸಿದ ಹಳೆಯ ಕಂಪ್ಯೂಟರ್‌ಗಳನ್ನು ಸಂಗ್ರಹಿಸಿ, ಈ ಕ್ಷೇತ್ರದಲ್ಲಿರುವ ಸದಸ್ಯರು ವಾರಕ್ಕೊಂದು ದಿನ ಕಲಿಸುವಂತಾದರೆ, ಸಾಲ ಮಾಡಿ ಶುಲ್ಕ ಕಟ್ಟುವ ಕುಟುಂಬಗಳಿಗೆ ಅದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರಿರುವ ಸಮಾಜಕ್ಕೆ ಇದು ಕಷ್ಟದ ಕೆಲಸವೇನಲ್ಲ.