ಬೀರುವಿನೊಳಗಿನ ಸ್ಪೂಲುಗಳು

1952ರಲ್ಲಿ ತೀರಿಕೊಂಡ ಸವಾಯಿ ಗಂಧರ್ವರ ಗಾಯನವೆಂದು ನಮಗೆ ಉಳಿದಿರುವುದರಲ್ಲಿ ಹೆಚ್ಚಿನವು ಮೂರು, ಮೂರೂವರೆ ನಿಮಿಷಗಳ 78 ಆರ್‌ಪಿಎಂ ತಟ್ಟೆಗಳು. ಅವರ ಶಿಷ್ಯ ಭೀಮಸೇನ ಜೋಶಿಯವರಾಗಲಿ ಮಲ್ಲಿಕಾರ್ಜುನ ಮನ್ಸೂರರಾಗಲಿ ಖಾಸಗಿ ಬೈಠಕ್ಕುಗಳಲ್ಲಿ ರಾಗವೊಂದನ್ನು ಅವಸರವಿಲ್ಲದೆ ಬಿಡಿಸಿದ್ದನ್ನು ನಾವು ಕೇಳಬಲ್ಲೆವಾದರೆ, ಆ ಋಣದ ಬಹುಪಾಲು ಸ್ಪೂಲ್ ಟೇಪಿಗೂ ಅದನ್ನು ಹೊತ್ತು ತಿರುಗಿದ ರಸಿಕರಿಗೂ ಸಲ್ಲಬೇಕು.

ಏಳು ಅಂಗುಲದ ಸ್ಪೂಲಿನಲ್ಲಿ ಸಾಮಾನ್ಯವಾಗಿ 1200 ಅಡಿ ಟೇಪು. ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ ಓಡಿಸಿದರೆ ಒಂದು ಬದಿಗೆ ಸುಮಾರು 32 ನಿಮಿಷ. ವೇಗವನ್ನು ಅರ್ಧಕ್ಕಿಳಿಸಿದರೆ ಅದರ ಎರಡರಷ್ಟು, ಆದರೆ ನಾದದ ಹೊಳಪು ಕುಂದುತ್ತದೆ. ವಿಲಂಬಿತದ ನಡುವೆ ಟೇಪು ಮುಗಿಯಬಾರದೆಂದು ಕಡಿಮೆ ವೇಗವನ್ನೇ ಆರಿಸಿಕೊಂಡವರನ್ನು ನಾವು ಆಕ್ಷೇಪಿಸಲಾರೆವು. ತಂಬೂರಿಯ ಶ್ರುತಿ ಹೊಂದಿಸುವಿಕೆ, ಯಾರದೋ ಕೆಮ್ಮು, ಮುಂದಿನ ಸಾಲಿನ 'ವಾಹ್' ಎಲ್ಲವೂ ಅಲ್ಲಿವೆ. ಸ್ಟುಡಿಯೋದ ನಿಶ್ಶಬ್ದಕ್ಕಿಂತ ನಮಗೆ ಇವೇ ಪ್ರಿಯ.

ಆದರೆ ಮುಂಬಯಿ, ಪುಣೆಗಳ ಕನ್ನಡ ಮನೆಗಳ ಬೀರುಗಳಲ್ಲಿ ಈ ಸಂಪತ್ತು ಮೌನವಾಗಿ ನಶಿಸುತ್ತಿದೆ. 'ನನ್ನ ಸಂಗ್ರಹ, ಯಾರಿಗೂ ಕೊಡೆ' ಎಂಬ ಅಭಿಮಾನ ಅರ್ಥವಾಗುವಂಥದೇ. ಮಳೆಗಾಲದ ತೇವಕ್ಕೆ ಮಾತ್ರ ಅದು ಅರ್ಥವಾಗದು. ಹಳೆಯ ಅಸಿಟೇಟ್ ಟೇಪು ವಿನೆಗರ್ ವಾಸನೆ ಹೊಡೆಯುತ್ತ ಮುರುಟುತ್ತದೆ. ಕೆಲವಕ್ಕೆ ಬೂಷ್ಟು ಹಿಡಿಯುತ್ತದೆ. ಇನ್ನು ಕೆಲವು ಅಂಟಂಟಾಗಿ, ಧ್ವನಿಯನ್ನು ಹೊತ್ತ ಲೇಪವನ್ನೇ ಯಂತ್ರದ ಹೆಡ್ಡಿಗೆ ಬಿಟ್ಟುಕೊಡುತ್ತವೆ. ಕುತೂಹಲಕ್ಕೆಂದು ಹಳೆಯ ಯಂತ್ರಕ್ಕೆ ಏರಿಸಿ ಓಡಿಸಿದರೆ ಅದೇ ಕೊನೆಯ ಸಲವಾದೀತು. ಬಲ್ಲವರ ಕೈಯಲ್ಲೇ ಅದು ಡಿಜಿಟಲ್ ರೂಪಕ್ಕಿಳಿಯಬೇಕು.

ಶಾಲು, ಹಾರ, ಸ್ಮರಣಿಕೆಗಳಿಗೆ ನಮ್ಮ ಸಂಘಗಳು ಕೈಬಿಚ್ಚಿ ಖರ್ಚು ಮಾಡುತ್ತವೆ. ಒಂದು ವರ್ಷದ ಆ ಬಾಬ್ತನ್ನು ಈ ಕೆಲಸಕ್ಕೆ ತಿರುಗಿಸಬಾರದೇಕೆ? ಕಲಾವಿದರ ಹಕ್ಕಿನ ಪ್ರಶ್ನೆ ಇದೆ, ನಿಜ. ಆದರೆ ಕಾಪಿಡುವುದು ಬೇರೆ, ಪ್ರಕಟಿಸುವುದು ಬೇರೆ. ಎರಡನೆಯದಕ್ಕೆ ವಾರಸುದಾರರ ಒಪ್ಪಿಗೆ ಕೇಳೋಣ, ಮೊದಲನೆಯದಕ್ಕೆ ಕಾಯುವಷ್ಟು ವ್ಯವಧಾನ ಟೇಪಿಗಿಲ್ಲ.

ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಇನ್ನೊಂದು ಚಿಂತೆ. ಎಷ್ಟೋ ಡಬ್ಬಿಗಳ ಮೇಲೆ ಇರುವುದು 'ಪಂಡಿತ್‌ಜಿ, ತೋಡಿ' ಎಂಬಷ್ಟೇ. ಯಾವ ಪಂಡಿತರು, ಯಾವ ವರ್ಷ, ಯಾರ ಮನೆ, ತಬಲಾ ಯಾರದು ಎಂಬುದು ಧ್ವನಿಮುದ್ರಿಸಿದವರ ನೆನಪಿನಲ್ಲಿ ಮಾತ್ರ ಇದೆ. ಅವರಲ್ಲಿ ಬಹುತೇಕರು ಎಂಬತ್ತು ದಾಟಿದ್ದಾರೆ. ಯಂತ್ರ ಹುಡುಕುವ ಮೊದಲು, ಈ ಭಾನುವಾರವೇ ನೋಟುಬುಕ್ಕು ಹಿಡಿದು ಅವರ ಮನೆಗೆ ಹೋಗಬೇಕಾಗಿದೆ.