ಊರಿಗೆ ಮ್ಯಾನೇಜರ್ ಬೇಕು, ಊರಿಗೇ ಲೆಕ್ಕ ಒಪ್ಪಿಸುವವರು ಬೇಕು

ಮ್ಯಾನೇಜರ್ ಅಂದರೆ ನಮ್ಮ ಕಡೆ ಮೊದಲು ನೆನಪಾಗುವವರು ಬ್ಯಾಂಕಿನ ಸಾಹೇಬರು. ಆದರೆ ಊರೊಳಗೆ ಮ್ಯಾನೇಜರ್ ಕೆಲಸ ಮಾಡುವವರು ಇನ್ನೂ ಬಹಳ ಮಂದಿ ಇದ್ದಾರೆ. ಪಂಚಾಯಿತಿಯ ಪಿಡಿಒ, ಸೊಸೈಟಿ ಸೆಕ್ರೆಟರಿ, ಹಾಲಿನ ಡೇರಿ ನೋಡಿಕೊಳ್ಳುವವರು, ಸಂಜೀವಿನಿ ಒಕ್ಕೂಟದ ಪುಸ್ತಕ ಬರೆಯುವ ಎಂಬಿಕೆ ಅಕ್ಕ, ಈಗ ಹೊಸದಾಗಿ ಬಂದ ರೈತ ಕಂಪನಿಯ ಸಿಇಒ. ಊರಿನ ರೊಕ್ಕ, ಸಾಲ, ಗೊಬ್ಬರ, ಹಾಲು ಎಲ್ಲವೂ ಇವರ ಕೈ ದಾಟಿಯೇ ಹೋಗಬೇಕು. ಹೀಗಿದ್ದರೂ ಊರಿನ ಅಭಿವೃದ್ಧಿಯ ಮಾತು ಬಂದಾಗ ನಾವು ಶಾಸಕರ ಬಗ್ಗೆ ಮಾತಾಡುತ್ತೇವೆ, ಯೋಜನೆಗಳ ಬಗ್ಗೆ ಮಾತಾಡುತ್ತೇವೆ, ಇವರ ಬಗ್ಗೆ ಮಾತಾಡುವುದೇ ಇಲ್ಲ.

ವಿಜಯಪುರ ಜಿಲ್ಲೆಯ ಮಸೂತಿಯನ್ನೇ ನೋಡಿ. ಮುಳವಾಡ ಏತ ನೀರಾವರಿಯಲ್ಲಿ ಆಲಮಟ್ಟಿ ಹಿನ್ನೀರನ್ನು ಬಳೂತಿಯಲ್ಲಿ ಎತ್ತಿ, ಮಸೂತಿ ಕಡೆಯಿಂದ ಮತ್ತೆ ಮೇಲಕ್ಕೆ ಎತ್ತುತ್ತಾರೆ. ಹತ್ತಿರದಲ್ಲೇ ಕೂಡಗಿಯ ಎನ್‌ಟಿಪಿಸಿ ಸ್ಥಾವರವಿದೆ. 800 ಮೆಗಾವಾಟ್‌ನ 3 ಘಟಕ, ಒಟ್ಟು 2400 ಮೆಗಾವಾಟ್. ಅದಕ್ಕಾಗಿ ಸುತ್ತಲಿನ ಊರುಗಳ ರೈತರು ಜಮೀನು ಕಳೆದುಕೊಂಡರು, 2014ರಲ್ಲಿ ಹೋರಾಟವನ್ನೂ ಮಾಡಿದರು. ಅಂದರೆ ನೀರು ಬಂತು, ಕರೆಂಟಿನ ಕಾರ್ಖಾನೆ ಬಂತು, ದೊಡ್ಡ ರೊಕ್ಕದ ಕೆಲಸಗಳೂ ಬಂದವು. ಇನ್ನು ಬರಬೇಕಾದದ್ದು ಲೆಕ್ಕ. ಕಾರ್ಖಾನೆಯಲ್ಲಿ ಒಂದು ಯೂನಿಟ್ ಕರೆಂಟಿಗೆ ಎಷ್ಟು ಕಲ್ಲಿದ್ದಲು ಸುಟ್ಟಿತು ಅನ್ನುವುದಕ್ಕೂ ಲೆಕ್ಕ ಇಡುವವರಿದ್ದಾರೆ. ನಮ್ಮ ಕಾಲುವೆಯ ಕೊನೆಯ ಹೊಲಕ್ಕೆ ಈ ಸಲ ಎಷ್ಟು ದಿನ ನೀರು ಹೋಯಿತು ಅಂದರೆ ಯಾರನ್ನು ಕೇಳಬೇಕು?

ನಮ್ಮ ಮಾತು ಇಷ್ಟೇ. ಹಳ್ಳಿಗೆ ಒಳ್ಳೆಯ ಮ್ಯಾನೇಜರ್‌ಗಳು ಬೇಕೇ ಬೇಕು. ಆದರೆ ಅವರು ಎಷ್ಟು ಓದಿದ್ದಾರೆ ಅನ್ನುವುದಕ್ಕಿಂತ ಯಾರಿಗೆ ಲೆಕ್ಕ ಒಪ್ಪಿಸುತ್ತಾರೆ ಅನ್ನುವುದು ಮುಖ್ಯ.

ಹಿಂದೆ ಊರಿನ ಲೆಕ್ಕ ಕುಲಕರ್ಣಿಯವರ ದಫ್ತರದಲ್ಲಿತ್ತು, ಅಧಿಕಾರ ಗೌಡರದು. ಎರಡೂ ತಂದೆಯಿಂದ ಮಗನಿಗೆ ಬರುತ್ತಿದ್ದವು. ದಫ್ತರದಲ್ಲಿ ಏನು ಬರೆದಿದೆ ಅಂತ ಓದಲು ಬಾರದವರು ಕೇಳುವಂತಿರಲಿಲ್ಲ. ಮುಂದೆ ಕಾಯ್ದೆಗಳಿಂದ ಆ ವಂಶದ ಹುದ್ದೆಗಳು ರದ್ದಾದವು. ಸಂಬಳದ ನೌಕರರು ಬಂದರು. ಅದು ದೊಡ್ಡ ಬದಲಾವಣೆ, ಅನುಮಾನವಿಲ್ಲ. ಆದರೆ ಲೆಕ್ಕ ಹೋಗುವ ದಾರಿ ಮಾತ್ರ ಊರಿನ ಕಡೆ ತಿರುಗಲಿಲ್ಲ. ಮೊದಲು ವಾಡೆಗೆ ಹೋಗುತ್ತಿತ್ತು, ಆಮೇಲೆ ತಾಲ್ಲೂಕು ಕಚೇರಿಗೆ ಹೋಯಿತು. ಈಗ ಆನ್‌ಲೈನ್‌ನಲ್ಲಿ ಬೆಂಗಳೂರಿಗೆ ಹೋಗುತ್ತದೆ.

ಊರಿಗೇ ಲೆಕ್ಕ ಒಪ್ಪಿಸುವ ಮ್ಯಾನೇಜರ್ ಹೇಗಿರುತ್ತಾರೆ? ಹಾಲಿನ ಡೇರಿಗೆ ಹೋಗಿ ನೋಡಿ. ಮುಂಜಾನೆ ಹಾಲು ಹಾಕಿದವರಿಗೆ ಎಷ್ಟು ಲೀಟರ್, ಎಷ್ಟು ಫ್ಯಾಟ್ ಅನ್ನುವುದು ಅಲ್ಲೇ ಗೊತ್ತಾಗಬೇಕು. ಅಳತೆಯಲ್ಲಿ ಮೋಸ ಕಂಡರೆ ಮರುದಿನ ಜನ ಹಾಲನ್ನು ಬೇರೆ ಕಡೆ ಹಾಕುತ್ತಾರೆ. ಸಂಘಕ್ಕೆ ಹಾಲು ಬಂದರಷ್ಟೇ ಸೆಕ್ರೆಟರಿಯ ಪಗಾರ. ಎಲ್ಲಾ ಡೇರಿಗಳೂ ಚೊಕ್ಕ ಇವೆ ಅಂತ ನಾವು ಹೇಳುತ್ತಿಲ್ಲ. ಆದರೆ ಆ ಪದ್ಧತಿಯಲ್ಲಿ ಲೆಕ್ಕ ದಿನಾ ಜನರ ಕಣ್ಣಿಗೆ ಬೀಳುತ್ತದೆ. ಶಾಲೆ ಕಲಿಯದ ತಾಯಂದಿರೂ ತಮ್ಮ ಎಮ್ಮೆಯ ಫ್ಯಾಟ್ ಎಷ್ಟು ಅಂತ ಬಾಯಲ್ಲೇ ಹೇಳುತ್ತಾರೆ.

ಇದು ನಮ್ಮ ನೆಲಕ್ಕೆ ಹೊಸದೂ ಅಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಲ ಕೊಡುವವರೂ ತೆಗೆದುಕೊಳ್ಳುವವರೂ ಒಂದೇ ಊರಿನವರು, ಒಬ್ಬರ ಸ್ಥಿತಿ ಇನ್ನೊಬ್ಬರಿಗೆ ಗೊತ್ತು. ಆ ಪರಿಚಯವೇ ಸಂಘದ ಬಂಡವಾಳ. ಇನ್ನೂ ಹಿಂದೆ ಹೋದರೆ, ನಮ್ಮ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿಕೊಂಡವರು. ಅವರನ್ನು ನಾವು ಪೂಜಿಸುತ್ತೇವೆ. ಲೆಕ್ಕದ ಕೆಲಸವೂ ಅವರ ಕಾಯಕವಾಗಿತ್ತು ಅನ್ನುವುದನ್ನು ಮರೆಯುತ್ತೇವೆ.

ಈಗ ರೈತ ಕಂಪನಿಗಳಿಗೆ, ಅಂದರೆ ಎಫ್‌ಪಿಒಗಳಿಗೆ ಬರೋಣ. 2020ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ 10,000 ಎಫ್‌ಪಿಒ ಕಟ್ಟುವ ಯೋಜನೆ ತಂದಿತು. ಬಯಲು ಸೀಮೆಯಲ್ಲಿ ಕನಿಷ್ಠ 300 ರೈತರು ಸೇರಬೇಕು. ಸಿಇಒ ಪಗಾರ, ಕಚೇರಿ ಖರ್ಚು ಮುಂತಾದವುಗಳಿಗೆ 3 ವರ್ಷದಲ್ಲಿ 18 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ತೊಗರಿ, ಉಳ್ಳಾಗಡ್ಡಿ, ದ್ರಾಕ್ಷಿ, ಲಿಂಬೆ ಬೆಳೆಯುವ ನಮ್ಮ ಜಿಲ್ಲೆಗೆ ಇದು ಒಳ್ಳೆಯ ಅವಕಾಶ. ಆದರೆ ನಾಲ್ಕನೇ ವರ್ಷ ಸಿಇಒ ಪಗಾರ ಯಾರು ಕೊಡುತ್ತಾರೆ? ಕಂಪನಿ ರೈತರ ಮಾಲು ಮಾರಿ ಗಳಿಸಿದ್ದರೆ ರೈತರೇ ಕೊಡುತ್ತಾರೆ. ಗಳಿಸದಿದ್ದರೆ ಬೋರ್ಡು ಉಳಿಯುತ್ತದೆ, ಬಾಗಿಲು ಮುಚ್ಚುತ್ತದೆ. ಮೂರು ವರ್ಷ ವರದಿಯನ್ನೆಲ್ಲ ಮೇಲಿನ ಕಚೇರಿಗೇ ಬರೆದ ಮ್ಯಾನೇಜರನ್ನು ನಾಲ್ಕನೇ ವರ್ಷ ರೈತರು ತಮ್ಮವರು ಅಂದುಕೊಳ್ಳುವುದು ಕಷ್ಟ. ಅದಕ್ಕೇ ಮೊದಲ ತಿಂಗಳಿಂದಲೇ ಆ ಪಗಾರದ ಒಂದು ಸಣ್ಣ ಪಾಲಾದರೂ ವ್ಯಾಪಾರದ ಲಾಭದಿಂದ ಹೋಗಲಿ ಅನ್ನುತ್ತೇವೆ ನಾವು.

ನೀರಿನ ಕಥೆಯೂ ಹೀಗೇ. 2000ದಲ್ಲಿ ನೀರಾವರಿ ಕಾಯ್ದೆ ತಿದ್ದುಪಡಿಯಾಗಿ, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾಲುವೆ ನೀರು ಹಂಚುವ, ಕರ ವಸೂಲಿ ಮಾಡುವ ಅವಕಾಶ ಸಿಕ್ಕಿತು. ಸಂಘ ಕಾಗದದ ಮೇಲಷ್ಟೇ ಇದ್ದರೆ ಮೇಲಿನ ಹೊಲದವರು ಬೇಕಾದಷ್ಟು ನೀರು ಹಾಯಿಸುತ್ತಾರೆ, ಕೊನೆಯವರು ಆಕಾಶ ನೋಡುತ್ತಾರೆ. ಇದರಲ್ಲಿ ಮೇಲಿನವರಿಗೂ ಲಾಭವಿಲ್ಲ. ನಮ್ಮ ಎರೆ ಭೂಮಿ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ನೀರು ಹೆಚ್ಚಾದರೆ ಜವಳು ಹಿಡಿಯುತ್ತದೆ, ಉಪ್ಪು ಮೇಲೆ ಬರುತ್ತದೆ. ಸರದಿ ಬರೆದು ಎಲ್ಲರೆದುರು ಓದುವ ಒಬ್ಬ ಮ್ಯಾನೇಜರ್ ಇದ್ದರೆ ಕೊನೆಯ ಹೊಲವೂ ಉಳಿಯುತ್ತದೆ, ಮೊದಲಿನ ಹೊಲವೂ ಉಳಿಯುತ್ತದೆ.

ಹಾಗಾದರೆ ಓದಿದವರು ಬೇಡವೇ ಅಂತ ನೀವು ಕೇಳಬಹುದು. ಬೇಕು. ವರ್ಗೀಸ್ ಕುರಿಯನ್ ಅವರು 1979ರಲ್ಲಿ ಆನಂದ್‌ನಲ್ಲಿ ಗ್ರಾಮೀಣ ಮ್ಯಾನೇಜರ್‌ಗಳನ್ನು ತಯಾರು ಮಾಡುವ ಇರ್ಮಾ ಸಂಸ್ಥೆ ಕಟ್ಟಿದ್ದು ಅದಕ್ಕೇ. ಹಾಲು ಕರೆಯುವವರ ಸಂಘಕ್ಕೂ ದೊಡ್ಡ ಕಂಪನಿಗೆ ಸಿಗುವಂಥ ಮ್ಯಾನೇಜರ್ ಸಿಗಬೇಕು ಅನ್ನುವುದು ಅವರ ವಿಚಾರ. ನಮ್ಮ ಹತ್ತಿರ ಗದಗದಲ್ಲೂ ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಅಲ್ಲಿ ಕಲಿತವರು ಹಳ್ಳಿಗೆ ಬರಲಿ. ಆದರೆ ಹಳ್ಳಿ ಅಂದರೆ ಒಂದೇ ಮನೆಯಲ್ಲ ಅನ್ನುವುದು ಅವರಿಗೆ ಗೊತ್ತಿರಬೇಕು. ಇಪ್ಪತ್ತು ಎಕರೆ ನೀರಾವರಿ ಇರುವವರೂ ಊರಿನವರೇ, ಎರಡು ಎಕರೆ ಒಣ ಬೇಸಾಯದವರೂ ಊರಿನವರೇ. ತಾಂಡಾದಿಂದ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋದವರೂ ಊರಿನವರೇ. ಅವರೆಲ್ಲ ಗುಳೆ ಹೋದಾಗ ಸಭೆ ಕರೆದು, ಎಲ್ಲರ ಒಪ್ಪಿಗೆಯಿದೆ ಅಂತ ಠರಾವು ಬರೆದರೆ ಎಂಥ ಪದವಿ ಇದ್ದರೂ ಅದು ಒಳ್ಳೆಯ ಮ್ಯಾನೇಜರ್ ಕೆಲಸವಲ್ಲ.

ಹೊರಗಿನಿಂದ ಬರುವವರಿಗಾಗಿ ಕಾಯುತ್ತಾ ಕೂರಬೇಕಿಲ್ಲ. ಸಂಜೀವಿನಿ ಒಕ್ಕೂಟಗಳಲ್ಲಿ ಪುಸ್ತಕ ಬರೆಯುವ ಅಕ್ಕಂದಿರು ನಮ್ಮ ಓಣಿಯವರೇ. ಯಾವ ಮನೆಯಲ್ಲಿ ಕಂತು ಯಾಕೆ ತಪ್ಪಿತು ಅಂತ ಅವರಿಗೆ ಗೊತ್ತು. ಇಷ್ಟು ಜವಾಬ್ದಾರಿ ಹೊತ್ತವರನ್ನು ನಾವು ಮ್ಯಾನೇಜರ್ ಅಂತ ಕರೆಯುವುದಿಲ್ಲ, ಅದಕ್ಕೆ ತಕ್ಕ ಗೌರವಧನವನ್ನೂ ಕೊಡುವುದಿಲ್ಲ. ನೀರಿನ ಸಂಘಕ್ಕೆ, ರೈತ ಕಂಪನಿಗೆ ಲೆಕ್ಕದವರು ಬೇಕಾದಾಗ ಇವರನ್ನು ಮೊದಲು ಕೇಳಬೇಕು.

ಕೇಳುವ ಹಕ್ಕು ನಮಗೆ ಕಾನೂನಿನಲ್ಲೇ ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯಿತಿಯ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಜಮಾ ಖರ್ಚು, ಕಾಮಗಾರಿ ಎಲ್ಲವನ್ನೂ ಜನರೆದುರು ಇಡುವ ದಿನ ಅದು. ಸೊಸೈಟಿಗೆ, ರೈತ ಕಂಪನಿಗೆ ವಾರ್ಷಿಕ ಸಭೆ ಇದೆ. ಈ ಸಭೆಗಳಿಗೆ ಹೋಗಿ. ಹೋದಾಗ ಮೂರು ಮಾತು ಕೇಳಿ: ಈ ವರ್ಷ ಎಷ್ಟು ಬಂತು, ಯಾವ ಓಣಿಗೆ ಎಷ್ಟು ಹೋಯಿತು, ಉಳಿದದ್ದು ಎಲ್ಲಿದೆ? ಉತ್ತರವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಕಚೇರಿಯ ಗೋಡೆ ಮೇಲೆ ಬರೆಸಿ. ಗುಳೆ ಹೋದವರಿಗೆ ಆ ಗೋಡೆಯ ಫೋಟೊ ಮೊಬೈಲ್‌ಗೆ ಕಳಿಸಿ.

ಪ್ರಾಮಾಣಿಕ ಮ್ಯಾನೇಜರ್‌ಗೆ ಈ ಪ್ರಶ್ನೆಗಳಿಂದ ತೊಂದರೆಯಿಲ್ಲ. ಯಾರದೋ ಒತ್ತಡಕ್ಕೆ ಸಹಿ ಮಾಡಬೇಕಾದಾಗ, ಜನ ಕೇಳುತ್ತಾರೆ ರೀ, ಆಗುವುದಿಲ್ಲ ಅಂತ ಹೇಳಲು ಅವರಿಗೂ ಒಂದು ಆಸರೆ ಸಿಗುತ್ತದೆ.