ಮರದ ನೆಲ ಮತ್ತು ಅಮ್ಮನ ಬಕೆಟ್ಟು

ಅಪ್ಪ ಹೋದ ಮೇಲೆ ಅಮ್ಮ ಸಾಗರದ ಮನೆ ಬಿಟ್ಟು ನಮ್ಮ ಜೊತೆ ಬೆಂಗಳೂರಲ್ಲಿ ಇರೋಕೆ ಬರ್ತಿದ್ದಾಳೆ. ಅಷ್ಟರೊಳಗೆ ಫ್ಲಾಟಿನ ನೆಲ ಆಗಬೇಕು. ನನ್ನವಳಿಗೆ ಮರದ್ದೇ ಬೇಕು. ಫೋನಲ್ಲಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನೀರು ಹಾಕಿ ಒರೆಸ್‌ಬೋದನೋ?"

ಅಂಗಡಿಯವನನ್ನು ಕೇಳಿದೆ. "ಧಾರಾಳವಾಗಿ ಸಾರ್" ಅಂದ. ಅಲ್ಲೇ ಅನುಮಾನ ಬಂತು ನೋಡಿ..

ಅವನು ಮರ ಅಂತ ತೋರಿಸಿದ್ದು ಸಾಮಾನ್ಯ ಲ್ಯಾಮಿನೇಟ್. ಅಂದ್ರೆ ಒತ್ತಿದ ಮರದ ನಾರಿನ ಹಲಗೆ, ಮೇಲೆ ಮರದ ಚಿತ್ರ ಅಚ್ಚು ಹಾಕಿದ ಕಾಗದ! ಸಂದಿಗೆ ನೀರಿಳಿದು ಉಬ್ಬಿದರೆ ಮುಗೀತು, ಉಜ್ಜಿ ಸರಿ ಮಾಡೋಕಾಗಲ್ಲ. ಅಪ್ಪಟ ಮರವೂ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತೆ, ಬೇಸಿಗೇಲಿ ಕುಗ್ಗುತ್ತೆ. ಗೋಡೆಯಂಚಲ್ಲಿ ಸುಮಾರು 10 ಮಿ.ಮೀ. ಜಾಗ ಬಿಡೋದು ಅದಕ್ಕೇ. ಎಂಜಿನಿಯರ್ಡ್ ವುಡ್ಡಿಗೆ ಕೆಳಗೆ ಪ್ಲೈವುಡ್, ಮೇಲೆ ನಿಜವಾದ ಮರದ ಪದರ. ಹಿಗ್ಗಾಟ ಕಮ್ಮಿ. ಆ ಪದರ 3-4 ಮಿ.ಮೀ. ಇದ್ದರೆ ಮುಂದೆ ಉಜ್ಜಿ ಹೊಸದು ಮಾಡಬಹುದು, ಅರ್ಧ ಮಿ.ಮೀ. ಆದರೆ ಆಗಲ್ಲ. ಬಣ್ಣ ನೋಡೋಕೆ ಮುಂಚೆ ಕೇಳಬೇಕಾದ್ದು ಇದನ್ನ.

ನನ್ನ ಪ್ರಕಾರ, ದಿನಾ ನೀರು ಹಾಕಿ ಒರೆಸೋ ಮನೇಲಿ ಮರ ಬೆಡ್‌ರೂಮಿಗಷ್ಟೇ ಸರಿ. ಹಾಲು, ಅಡುಗೆಮನೆ, ದೇವರಮನೆಗೆ ಟೈಲ್ಸೇ ಇರಲಿ. ನೆಲ ಆರಿಸೋರು ಒಬ್ಬರು, ಒರೆಸೋರು ಇನ್ನೊಬ್ಬರು.

ಊರಿನ ಕೆಂಪು ಗಾರೆ ನೆಲವನ್ನು ನಲವತ್ತು ವರ್ಷ ಒರೆಸಿದವಳು, ಇಲ್ಲಿ ಒಂದು ಲೋಟ ನೀರು ಚೆಲ್ಲಿದ್ದಕ್ಕೆ ಮಗನ ಮುಖ ನೋಡುವಂತಾಗಬಾರದು. ನನ್ನವಳೂ ಒಪ್ಪಿದಳು, ಸ್ವಲ್ಪ ಮುನಿಸಿಕೊಂಡೇ :)

ನೀವೇನಂತೀರಿ?